ಕೃಷ್ಣಾ ತೀರದ ಹೋರಿಗಳೂ ಟೆಕ್ಸಾಸಿನ ದನದ ಕಾವಲುಗಳೂ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ರೈತನಿಗೆ ಎತ್ತಿನ ಬೆಲೆಯೇನೆಂಬುದನ್ನು ಹೇಳಿಕೊಡಬೇಕಾದ ಅವಶ್ಯಕತೆಯಿಲ್ಲ. ಕಾರಹುಣ್ಣಿಮೆಯ ದಿನ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಅಗಸಿಯ ಮುಂದೆ ಕರಿ ಹರಿಯುವಾಗ ಯಾವ ಬಣ್ಣದ ಎತ್ತು ಮುಂದಾಯಿತೆಂಬುದರಿಂದ ಆ ವರ್ಷದ ಬೆಳೆಯನ್ನು ಎಣಿಸುವ ಜನರು ಇವರು. ಆದರೆ ಇದೇ ಕೃಷ್ಣೆಯ ಕೊಳ್ಳದ ದನಗಳ ರಕ್ತವು ಭೂಮಂಡಲದ ಇನ್ನೊಂದು ಮಗ್ಗುಲಿನಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನದ ಟೆಕ್ಸಾಸ್ ಪ್ರಾಂತದ ಕಾವಲುಗಳಲ್ಲಿ ಇಂದಿಗೂ ಹರಿಯುತ್ತಿರುವುದೆಂಬ ಸಂಗತಿಯು ಇಲ್ಲಿ ಬಹು ಜನರಿಗೆ ತಿಳಿದಿಲ್ಲ. ತವರಿನಲ್ಲಿ ಕ್ಷೀಣಿಸುತ್ತಿರುವ ತಳಿಯೊಂದರ ಅಂಶವನ್ನು ಪರದೇಶದವರು ವಂಶಾವಳಿಯ ಪುಸ್ತಕವಿಟ್ಟು ಕಾಪಾಡಿಕೊಂಡು ಬಂದಿರುವುದು ವಿಚಾರಿಸತಕ್ಕ ವಿಷಯವಾಗಿದೆ.

ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿ ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ವ್ಯವಸಾಯ ಕಾಲೇಜು ಇರುವುದು. ಅಂತಹ ಕಾಲೇಜಿನ ವಿದ್ಯಾರ್ಥಿಗಳ ತಂಡವೊಂದು ಒಂದು ದಿನದ ಮಟ್ಟಿಗೆ ಟೆಕ್ಸಾಸಿನ ಹಳೆಯ ದನದ ಕಾವಲೊಂದಕ್ಕೆ ಹೋಗುವುದಾದರೆ ಏನನ್ನು ನೋಡಬೇಕು, ನೋಡಿದುದರಲ್ಲಿ ಯಾವುದು ಈ ಸೀಮೆಗೆ ಒಗ್ಗುವುದು, ಯಾವುದು ಒಗ್ಗದು ಎಂಬುದನ್ನು ಇಲ್ಲಿ ವಿವರಿಸಿದೆ. ಅಲ್ಲಿಯವರು ಈ ಕಾವಲುಗಳನ್ನು ರಾಂಚು ಎನ್ನುತ್ತಾರೆ. ಇದು ಸ್ಪ್ಯಾನಿಷ್ ಭಾಷೆಯ ಮಾತು. ದನ ಕಾಯುವ ವಿದ್ಯೆಯನ್ನೂ, ಹಗ್ಗದ ಕುಣಿಕೆ ಎಸೆದು ದನ ಹಿಡಿಯುವುದನ್ನೂ, ಕುದುರೆಯ ಮೇಲೆ ಕುಳಿತು ಮಂದೆ ತಿರುಗಿಸುವುದನ್ನೂ ಟೆಕ್ಸಾಸಿನವರು ಮೆಕ್ಸಿಕೋ ದೇಶದ ಗೋವಳರಿಂದಲೇ ಕಲಿತರು.

ಇಂತಹ ಕಾವಲುಗಳಲ್ಲಿ ಬಹು ಪ್ರಸಿದ್ಧವಾದುದು ಕಿಂಗ್ ರಾಂಚು. ನದಿಯಲ್ಲಿ ಹೊಗೆಹಡಗು ನಡೆಯಿಸುತ್ತಿದ್ದ ರಿಚರ್ಡ್ ಕಿಂಗ್ ಎಂಬಾತನು ೧೮೫೩ ರಲ್ಲಿ ಇದನ್ನು ಆರಂಭಿಸಿದನು. ಈಗ ಇದರ ವಿಸ್ತೀರ್ಣವು ೮,೨೫,೦೦೦ ಎಕರೆ. ಎಂದರೆ ಇಡೀ ಯಾದಗಿರಿ ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಭೂಮಿಯು ಒಂದೇ ಕಾವಲಿನಲ್ಲಿ ಅಡಗಿದೆ. ಕಾವಲು ಆರಂಭವಾದ ಮರುವರ್ಷವೇ ಮೆಕ್ಸಿಕೋ ದೇಶದ ಕ್ರೂಯಿಯಾಸ್ ಎಂಬ ಗ್ರಾಮದಲ್ಲಿ ಬರ ಬಿದ್ದು, ಅಲ್ಲಿಯ ಜನರು ತಮ್ಮ ದನಗಳನ್ನೆಲ್ಲ ಕಿಂಗನಿಗೆ ಮಾರಿದರಂತೆ. ದನಗಳನ್ನು ಹೊಡೆದುಕೊಂಡು ಸ್ವಲ್ಪ ದೂರ ಹೋದ ಮೇಲೆ ಆತನಿಗೆ, ದನಗಳನ್ನು ಕೊಂಡು ಜನರನ್ನು ಬರದಲ್ಲಿ ಬಿಟ್ಟು ಬಂದುದು ಸರಿಯಲ್ಲವೆನಿಸಿ, ಹಿಂದಿರುಗಿ ಹೋಗಿ ಊರಿಗೆ ಊರನ್ನೇ ಕೆಲಸಕ್ಕೆ ಕರೆದನೆಂದು ಹೇಳುವರು. ನೂರಕ್ಕೆ ಮೇಲ್ಪಟ್ಟ ಜನರು ಮನೆಮಾರು ಬಿಟ್ಟು ಬಂದರು. ಅವರ ವಂಶದವರು ತಲೆತಲಾಂತರದಿಂದ ಅಲ್ಲಿಯೇ ಗೋವಳರಾಗಿದ್ದಾರೆ. ದನದ ಗುಣವನ್ನು ಬಲ್ಲವರು ದನದ ಸಂಗಡಲೇ ಉಳಿದುದು ಆ ಕಾವಲಿನ ಏಳಿಗೆಗೆ ದೊಡ್ಡ ಕಾರಣವೆನ್ನಬೇಕು. ಹುಲ್ಲುಗಾವಲಿನಷ್ಟೇ ಬೆಲೆ ಅದನ್ನು ಬಲ್ಲ ಗೋವಳನಿಗೂ ಉಂಟು.

ಶಹಾಪುರದ ವಿದ್ಯಾರ್ಥಿಗೆ ಅಲ್ಲಿ ಮೊದಲು ಕಣ್ಣಿಗೆ ಬೀಳತಕ್ಕುದು ಹೊಸದಲ್ಲ, ಹಳೆಯ ಪರಿಚಯದ್ದೇ. ಬೇಲಿಯಾಚೆ ಹಬ್ಬಿರುವುದು ಜಾಲಿ. ಈ ಕಡೆಯ ಹಳ್ಳದ ದಂಡೆಗಳನ್ನೂ ಬೀಳುಭೂಮಿಗಳನ್ನೂ ಆಕ್ರಮಿಸಿರುವ ಬಳ್ಳಾರಿ ಜಾಲಿಯು ಅಮೆರಿಕಾ ಖಂಡದಿಂದ ಬಂದ ಗಿಡವೇ. ಟೆಕ್ಸಾಸಿನ ಜಾಲಿಯು ಅದರ ದಾಯಾದಿ. ದನಗಳು ಅದರ ಸಿಹಿಯಾದ ಕಾಯಿಯನ್ನು ತಿಂದು ಸಗಣಿಯಲ್ಲಿ ಬೀಜವನ್ನು ಹರಡುವುದರಿಂದ ಹುಲ್ಲುಗಾವಲು ಮುಳ್ಳುಕಾಡಾಗುವುದು ಅಲ್ಲಿಯೂ ಇಲ್ಲಿಯೂ ಒಂದೇ ಬಗೆ. ಜಾಲಿಯ ಸಂಗಡ ಪಾಪಾಸುಕಳ್ಳಿಯೂ ಅಲ್ಲಿ ಹೇರಳ. ಮಳೆ ತಪ್ಪಿದ ವರ್ಷ ಗೋವಳರು ಕಳ್ಳಿಯ ಮುಳ್ಳನ್ನು ಉರಿಯಿಂದ ಸುಟ್ಟು ದನಗಳಿಗೆ ಮೇಯಿಸುವರು. ಕಳ್ಳಿಯಲ್ಲಿ ನೀರಿನ ಅಂಶವೇ ಹೆಚ್ಚಾಗಿ ಸಾರವು ಕಡಮೆಯಾದುದರಿಂದ ಅದರೊಡನೆ ಹತ್ತಿಕಾಳಿನ ಹಿಂಡಿಯನ್ನು ಇಡುವುದುಂಟು.

ಇನ್ನು ದನಗಳ ವಿಷಯ. ಟೆಕ್ಸಾಸಿನ ದಕ್ಷಿಣ ಭಾಗದ ಬಿಸಿಲು ಈ ಸೀಮೆಯ ಬಿಸಿಲಿಗೆ ಸೋತದ್ದಲ್ಲ. ಯೂರೋಪಿನಿಂದ ತಂದ ಷಾರ್ಟ್‌ಹಾರ್ನ್, ಹೆರಿಫರ್ಡ್ ಮೊದಲಾದ ದನಗಳು ಆ ಬಿಸಿಲಿನಲ್ಲಿ ನೆರಳು ಬಿಟ್ಟು ಮೇಯದೆ ಬಡಕಲಾಗುತ್ತಿದ್ದುವು. ಉಣ್ಣೆಗಳ ಕಾಟವಂತೂ ಹೇಳತೀರದು. ಉಣ್ಣೆಯ ಕಡಿತದಿಂದ ದನಕ್ಕೆ ಜ್ವರ ಬಂದು, ರಕ್ತದಂತಹ ಮೂತ್ರ ಹೋಗಿ ಸಾಯುವ ರೋಗವನ್ನು ಅಲ್ಲಿ ಟೆಕ್ಸಾಸ್ ಜ್ವರವೆಂದೇ ಕರೆಯುತ್ತಿದ್ದರು. ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ಶಾಸ್ತ್ರಜ್ಞರು ಈ ರೋಗವನ್ನು ಹರಡುವುದು ಉಣ್ಣೆಯೇ ಎಂಬುದನ್ನು ೧೮೯೩ ರಲ್ಲಿ ಪ್ರಕಟಿಸಿದರು. ಕಡಿಯುವ ಹುಳವು ರೋಗವನ್ನು ದಾಟಿಸುವುದೆಂದು ಪ್ರಯೋಗದಿಂದ ಸ್ಥಾಪಿತವಾದ ಮೊದಮೊದಲ ನಿದರ್ಶನಗಳಲ್ಲಿ ಇದೂ ಒಂದು. ಔಷಧದ ನೀರು ತುಂಬಿದ ಉದ್ದನೆಯ ತೊಟ್ಟಿಗಳಲ್ಲಿ ದನಗಳನ್ನು ಮುಳುಗಿಸಿ ಈಜಿಸಿ ಹಾಯಿಸುವ ಪದ್ಧತಿಯು ಇದರಿಂದಲೇ ದೇಶವೆಲ್ಲ ಹರಡಿತು.

ಆದರೆ ಔಷಧಕ್ಕಿಂತಲೂ ಸುಲಭವಾದ ಉಪಾಯವು ಹಿಂದೂಸ್ಥಾನದ ದನದ ಚರ್ಮದಲ್ಲಿಯೇ ಇತ್ತು. ಡುಬ್ಬವುಳ್ಳ ನಮ್ಮ ದನಗಳಿಗೆ ಗಂಗೆದೊಗಲು ಜೋಲುವುದರಿಂದ ಮೈಗೆ ಗಾಳಿ ಸೋಕತಕ್ಕ ಪ್ರದೇಶವು ಹೆಚ್ಚು. ಬೆವರಿನ ಗ್ರಂಥಿಗಳು ದೊಡ್ಡವು, ಸಂಖ್ಯೆಯಲ್ಲಿಯೂ ಹೆಚ್ಚು. ಕೂದಲು ಗಿಡ್ಡ, ನುಣುಪು. ಬಿಳಿಯ ಕೂದಲು ಬಿಸಿಲನ್ನು ಹಿಂದಕ್ಕೆ ಹೊಡೆಯುವುದು, ಅದರಡಿಯ ಕಪ್ಪು ಚರ್ಮವು ಸುಡದಂತೆ ಕಾಯುವುದು. ಮೈಯೊಳಗೆ ಹುಟ್ಟುವ ಶಾಖವೂ ಯೂರೋಪಿನ ದನಕ್ಕಿಂತ ಕಡಮೆ. ಉಣ್ಣೆಗಳು ಇವುಗಳ ಮೈಮೇಲೆ ಅಷ್ಟಾಗಿ ಬೆಳೆಯವು. ಒರಟು ಮೇವಿನಲ್ಲಿಯೂ ಇವು ಜೀವ ಹಿಡಿದುಕೊಂಡಿರುವುವು. ಬಡತನದಲ್ಲಿ ಸಾವಿರಾರು ವರ್ಷ ಬೆಳೆದ ದನಕ್ಕೆ ಪ್ರಕೃತಿಯು ಕೊಟ್ಟ ಸ್ತ್ರೀಧನವಿದು.

ಹಿಂದೂಸ್ಥಾನದ ಹೋರಿಗಳು ಅಮೆರಿಕಾವನ್ನು ಸೇರಿದ ಕಥೆಯೂ ಸ್ವಾರಸ್ಯವಾದುದೇ. ೧೮೫೪ ರಲ್ಲಿ ಲೂಯಿಸಿಯಾನಾ ಪ್ರಾಂತದ ರಿಚರ್ಡ್ ಬ್ಯಾರೋ ಎಂಬ ಸಾಹುಕಾರನಿಗೆ ಬ್ರಿಟಿಷ್ ಸರಕಾರವು ಎರಡು ಹೋರಿಗಳನ್ನು ಬಹುಮಾನವಾಗಿ ಕೊಟ್ಟಿತು. ಹಿಂದೂಸ್ಥಾನದಲ್ಲಿ ಹತ್ತಿ ಮತ್ತು ಕಬ್ಬಿನ ಸಾಗುವಳಿಯನ್ನು ಹೆಚ್ಚಿಸಬೇಕೆಂದಿದ್ದ ಸರಕಾರದ ಪ್ರತಿನಿಧಿಗೆ ಆತನು ಆ ಬೆಳೆಗಳ ಕ್ರಮವನ್ನು ಕಲಿಸಿಕೊಟ್ಟಿದ್ದನು. ಹತ್ತಿಯ ಪಾಠಕ್ಕೆ ಹೋರಿಯ ದಕ್ಷಿಣೆ ಸಂದಿತೆನ್ನಬಹುದು. ಆಮೇಲೆ ೧೯೦೬ ರಲ್ಲಿ ಟೆಕ್ಸಾಸಿನ ಪಿಯರ್ಸ್ ಕಾವಲಿನ ಪಾರುಪತ್ಯಗಾರನಾದ ಬೋರ್ಡೆನ್ ಎಂಬಾತನು ತಾನೇ ಹಿಂದೂಸ್ಥಾನಕ್ಕೆ ಬಂದು ಹಲವು ತಳಿಯ ಹೋರಿಗಳನ್ನು ಆರಿಸಿ ಹಡಗಿನಲ್ಲಿ ಕೊಂಡೊಯ್ದನು. ನ್ಯೂಯಾರ್ಕಿನ ಬಳಿಯ ದ್ವೀಪವೊಂದರಲ್ಲಿ ಅವನ್ನು ತಡೆದಿಟ್ಟು ಪರೀಕ್ಷಿಸಲಾಗಿ, ಕೆಲವುಗಳಲ್ಲಿ ನೊಣಗಳಿಂದ ಹರಡುವ ಸರ್ರಾ ರೋಗವು ಕಂಡುಬಂದು ಅವನ್ನು ಕೊಲ್ಲಬೇಕಾಯಿತು. ಉಳಿದ ೩೩ ದನಗಳು ಟೆಕ್ಸಾಸನ್ನು ಮುಟ್ಟಿದುವು. ಬ್ರೆಜಿಲ್ ದೇಶದವರು ಮೊದಲೇ ತರಿಸಿಕೊಂಡಿದ್ದ ಹಿಂದೂಸ್ಥಾನದ ದನಗಳ ಸಂತತಿಯೂ ೧೯೨೪-೨೫ ರ ಸುಮಾರಿಗೆ ಮೆಕ್ಸಿಕೋ ಮಾರ್ಗವಾಗಿ ಬಂದು ಸೇರಿತು. ಎಲ್ಲ ಕೂಡಿಸಿದರೂ ೧೮೫೪ ರಿಂದ ೧೯೨೬ ರ ವರೆಗೆ ಅಲ್ಲಿಗೆ ಹೋದ ದನಗಳ ಸಂಖ್ಯೆಯು ೩೦೦ ಕ್ಕಿಂತ ಕಡಮೆಯೇ. ಗುಜರಾತಿನ ಕಾಂಕ್ರೇಜ್, ಕಾಠಿಯಾವಾಡದ ಗಿರ್, ಆಂಧ್ರದ ಒಂಗೋಲು ಇವುಗಳ ಜತೆಗೆ ಸ್ವಲ್ಪ ಮಟ್ಟಿಗೆ ಕೃಷ್ಣಾ ಕೊಳ್ಳದ ತಳಿಯನ್ನೂ ಬೆರಸಿ ಅವರು ಬ್ರಾಹ್ಮಣ್ ಎಂಬ ಹೊಸ ತಳಿಯನ್ನು ಕಟ್ಟಿದರು. ೧೯೨೪ ರಲ್ಲಿ ಸಾಕುವವರ ಸಂಘವು ಸ್ಥಾಪಿತವಾಗಿ ವಂಶಾವಳಿಯ ದಾಖಲೆ ಪ್ರಾರಂಭವಾಯಿತು.

ಕಿಂಗ್ ಕಾವಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ೧೯೧೮ ರಲ್ಲಿ ಡುಬ್ಬದ ದನದ ರಕ್ತವೇ ಹೆಚ್ಚಾಗಿದ್ದ ೫೨ ಹೋರಿಗಳನ್ನು ಪಿಯರ್ಸ್ ಕಾವಲಿನಿಂದ ಕೊಂಡು ತಮ್ಮ ಷಾರ್ಟ್‌ಹಾರ್ನ್ ಹಸುಗಳಿಗೆ ಬಿಟ್ಟರು. ಅವುಗಳ ಸಂತಾನದಲ್ಲಿ ೧೯೨೦ ರಲ್ಲಿ ಹುಟ್ಟಿದ ಮಂಕಿ ಎಂಬ ಕೆಂಪು ಹೋರಿಯು ತಾನು ಹೇಗಿತ್ತೋ ಹಾಗೆಯೇ ಕರುಗಳನ್ನು ಕೊಡುತ್ತ ಹೋಯಿತು. ಆ ಒಂದು ಹೋರಿಯ ಸಂತತಿಯನ್ನೇ ಆರಿಸಿ ಆರಿಸಿ ಬೆಳೆಸಿದ್ದರಿಂದ ಸಾಂಟಾ ಗೆರ್ಟ್ರೂಡಿಸ್ ಎಂಬ ತಳಿಯು ಹುಟ್ಟಿ, ೧೯೪೦ ರಲ್ಲಿ ಆ ದೇಶದ ವ್ಯವಸಾಯ ಇಲಾಖೆಯ ಮನ್ನಣೆಯನ್ನು ಪಡೆಯಿತು. ಅದರ ರಕ್ತದಲ್ಲಿ ಎಂಟರಲ್ಲಿ ಮೂರು ಪಾಲು ಹಿಂದೂಸ್ಥಾನದ್ದು.

ಈಗ ಹೊಳೆಯ ಈಚೆಗೆ ಬರೋಣ. ಕೃಷ್ಣಾ ಕೊಳ್ಳದ ತಳಿಯ ತವರು ಬೆಳಗಾವಿ, ವಿಜಯಪುರ, ರಾಯಚೂರು ಸೀಮೆಗಳ ಮತ್ತು ಸಾಂಗಲಿ, ಸೊಲ್ಲಾಪುರಗಳ ಕರಿಮಣ್ಣಿನ ಭಾಗವು. ಸುರಪುರ, ಶಹಾಪುರಗಳು ಅದೇ ನದಿಯ ಉತ್ತರ ದಂಡೆಯಲ್ಲಿರುವುವು. ಈ ತಳಿಯೂ ಬಹಳ ಪುರಾತನವಾದುದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಿಕರು, ಮುಖ್ಯವಾಗಿ ಸಾಂಗಲಿಯವರು, ಗಿರ್, ಒಂಗೋಲು, ಕಾಂಕ್ರೇಜ್ ಹೋರಿಗಳನ್ನು ತರಿಸಿ ಮೈಸೂರು ಮಾದರಿಯ ನಾಡ ದನಗಳೊಡನೆ ಕೂಡಿಸಿ ಇದನ್ನು ಬೆಳೆಸಿದರು. ಹಸಿಯಾದಾಗ ಅಂಟಿಕೊಳ್ಳುವ, ಒಣಗಿದಾಗ ಕಲ್ಲಾಗುವ ಎರೆಯಲ್ಲಿ ನಿಧಾನವಾಗಿ, ಆದರೆ ನಿಲ್ಲದೆ ನೇಗಿಲೆಳೆಯತಕ್ಕ ಭಾರಿ ಮೈಯ ಎತ್ತು ಬೇಕಾಗಿತ್ತು. ಆದುದರಿಂದಲೇ ಈ ತಳಿಯ ಎದೆ ಅಗಲ, ಮೈ ತುಂಬು, ಗಂಗೆದೊಗಲು ಜೋಲು, ಕೊಂಬು ಗಿಡ್ಡ, ಹಣೆ ಉಬ್ಬು. ಬಣ್ಣವು ಬೂದಿಮಿಶ್ರಿತ ಬಿಳುಪು. ಹೋರಿಗಳಿಗೆ ಮುಂಗಾಲು ಹಿಂಗಾಲುಗಳ ಮೇಲ್ಭಾಗದಲ್ಲಿ ಕಪ್ಪು ಛಾಯೆಯುಂಟು. ಓಟಕ್ಕೆ ಖಿಲಾರಿ, ಎರೆಗೆ ಕೃಷ್ಣಾ ಕೊಳ್ಳ ಎಂಬಂತೆ ಕೆಲಸವು ಹಂಚಿಕೆಯಾಗಿತ್ತು. ಉತ್ತರಕ್ಕೆ ಬೀದರ ಕಡೆಯಲ್ಲಿ ಹಾಲಿಗೂ ದುಡಿಮೆಗೂ ಆಗುವ ದೇವಣಿ ತಳಿಯು ಇರುವುದು; ಮೈಮೇಲಿನ ಕಪ್ಪು ಮಚ್ಚೆಗಳನ್ನು ನೋಡಿ ಅದರಲ್ಲಿ ಮೂರು ಭೇದಗಳನ್ನು ಹೇಳುವರು.

ಈ ಭಾರಿ ಎತ್ತು ಕಡಮೆಯಾದುದೇಕೆ? ಕಾರಣವು ಒಂದಲ್ಲ. ಟ್ರ್ಯಾಕ್ಟರು ಬಂದ ಮೇಲೆ ಎರೆಯ ಆಳವಾದ ಉಳುಮೆಯು ಎತ್ತಿನ ಹೆಗಲಿನಿಂದ ಇಳಿಯಿತು. ಕುಂಟಿ, ಕೂರಿಗೆಗಳಿಗೆ ಹಗುರವಾದ ಜೋಡಿಯೇ ಸಾಕು. ವರ್ಷವೆಲ್ಲ ಹೆಚ್ಚು ಮೇವು ತಿನ್ನುವ ದೊಡ್ಡ ಎತ್ತನ್ನು ಕಟ್ಟುವವರು ಯಾರು? ಇದಕ್ಕೂ ಹಿಂದೆ ೧೮೭೧ ರಲ್ಲಿ ರೈಲುದಾರಿಯು ಯಾದಗಿರಿಯ ಮೇಲೆ ಹಾಯ್ದು ರಾಯಚೂರನ್ನು ಮುಟ್ಟಿದಾಗಲೇ ಲಂಬಾಣಿಗರ ಹೇರೆತ್ತುಗಳ ಸಾಲುಗಳಿಗೆ ಕೆಲಸ ತಪ್ಪುವ ಕಾಲವು ಹತ್ತಿರ ಬಂದಿತ್ತು. ಯಂತ್ರವು ಎತ್ತಿನ ಕೆಲಸವನ್ನು ಕಸಿದುಕೊಂಡುದು ಇದೇ ಮೊದಲಲ್ಲ. ಎರಡನೆಯ ಕಾರಣವು ಗಾಯರಾಣದ ನಾಶ. ನಿಜಾಮರ ಆಳ್ವಿಕೆಯ ಕಾಲದಿಂದ ದಫ್ತರಗಳಲ್ಲಿ ಗಾಯರಾಣವೆಂದು ಬರೆದಿರುವ ಭೂಮಿಯು ಎಷ್ಟೋ ಊರುಗಳಲ್ಲಿ ಕಾಗದದ ಮೇಲೆ ಮಾತ್ರ ಉಳಿದಿದೆ. ಉಳಿದ ಕಡೆ ಅದರ ಮೇಲೆ ಜಾಲಿಯು ನಿಂತಿದೆ.

ಮೂರನೆಯದು ಕಾಲುವೆ. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದ ಅಣೆಕಟ್ಟು ೧೯೮೨ ರಲ್ಲಿ ಮುಗಿದು, ಎಡದಂಡೆಯ ಕಾಲುವೆಯಿಂದ ಸುರಪುರ, ಶಹಾಪುರ ತಾಲ್ಲೂಕುಗಳಿಗೆ ನೀರು ಹರಿಯಿತು. ಇದರಿಂದ ಆದ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಜೋಳದ ಹೊಲವು ಭತ್ತದ ಗದ್ದೆಯಾದಾಗ ಮನುಷ್ಯನ ಊಟವು ಬದಲಾದಂತೆ ದನದ ಊಟವೂ ಬದಲಾಯಿತೆಂಬುದನ್ನು ಗಮನಿಸಿದವರು ಕಡಮೆ. ಜೋಳದ ಕಣಿಕೆಯು ದನಕ್ಕೆ ರುಚಿ, ಸಾರವೂ ಉಂಟು. ಭತ್ತದ ಹುಲ್ಲಿನಲ್ಲಿ ಮರಳಿನಂಶವಾದ ಸಿಲಿಕಾ ಹೆಚ್ಚು, ಮಾಂಸಪೋಷಕವಾದ ಸತ್ತ್ವವು ಬಹು ಸ್ವಲ್ಪ. ಅದೊಂದನ್ನೇ ತಿನ್ನುವ ದನವು ಹೊಟ್ಟೆ ತುಂಬಿದ್ದರೂ ಬಡವಾಗುವುದು. ಇದಲ್ಲದೆ ಕಾಲುವೆಯ ಜವುಗಿನಲ್ಲಿ ಬಸವನಹುಳುಗಳು ಹೆಚ್ಚಿ, ಅವುಗಳಲ್ಲಿ ಬೆಳೆದ ಚಪ್ಪಟೆ ಹುಳುಗಳು ಹುಲ್ಲಿನ ಮೂಲಕ ದನದ ಈಲಿಯನ್ನು ಸೇರಿ ರಕ್ತಹೀನತೆಯನ್ನುಂಟುಮಾಡುವುವು. ಗದ್ದೆಯ ಬದುವಿನಲ್ಲಿ ಮೇಯುವ ಎಮ್ಮೆ ಆಕಳುಗಳ ಗಂಟಲ ಕೆಳಗೆ ನೀರು ತುಂಬಿದ ಚೀಲದಂತಹ ಬಾವು ಕಂಡರೆ ಈ ಹುಳುವಿನ ಶಂಕೆಯಿಂದ ಕೂಡಲೇ ಪಶುವೈದ್ಯರಿಗೆ ತೋರಿಸತಕ್ಕದ್ದು.

ಟೆಕ್ಸಾಸಿನ ಕಾವಲಿನ ಪದ್ಧತಿಯನ್ನು ಇದ್ದಂತೆಯೇ ಇಲ್ಲಿಗೆ ತರುವುದು ಆಗದ ಮಾತು. ಅಲ್ಲಿ ಒಂದು ಹಸುವಿಗೆ ಸುಮಾರು ೨೦ ಎಕರೆ ಹುಲ್ಲುಗಾವಲನ್ನು ಬಿಡುವರು. ಇಲ್ಲಿ ೨೦ ಎಕರೆಯುಳ್ಳವನು ದೊಡ್ಡ ರೈತನು. ಅಲ್ಲಿಯ ಸಾಕಣೆಯ ಗುರಿಯು ಮಾಂಸ. ಇಲ್ಲಿಯದು ದುಡಿಮೆ, ಹಾಲು, ಗೊಬ್ಬರ. ಕರು ಏಳು ತಿಂಗಳು ತಾಯಿಯ ಹಾಲನ್ನೆಲ್ಲ ಕುಡಿದು ಬೆಳೆಯುವುದು ಅಲ್ಲಿ ನಿಯಮ. ಇಲ್ಲಿ ಕರುವಿಗೂ ಮನೆಯ ಮಕ್ಕಳಿಗೂ ಅದೇ ಹಾಲು ಹಂಚಿಕೆಯಾಗಬೇಕು.

ಅಷ್ಟಕ್ಕೂ ಕಾವಲೆಂಬುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಹೈದರಾಲಿಯ ಕಾಲದಲ್ಲಿ ಬೆಳೆದು, ಟಿಪ್ಪು ಸುಲ್ತಾನನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಒಂದು ಎಂದು ಕಾವಲುಗಳನ್ನು ವಿಂಗಡಿಸಿ ಮಂದೆಯನ್ನು ಋತುವಿಗೆ ತಕ್ಕಂತೆ ನಡೆಯಿಸುತ್ತಿದ್ದರು. ಹುಲ್ಲಿಗೆ ಚಿಗುರಲು ಬಿಡುವು ಕೊಡಬೇಕೆಂಬ ತತ್ತ್ವವು ಇದರಲ್ಲಿ ಅಡಗಿತ್ತು. ಟೆಕ್ಸಾಸಿನವರು ತಂತಿಬೇಲಿಯಿಂದ ಮಾಡಿದುದನ್ನು ಮೈಸೂರಿನ ಗೋವಳರು ಕಾಲ್ನಡಿಗೆಯಿಂದ ಮಾಡಿದರು. ೧೮೬೦ ರಲ್ಲಿ ಖರ್ಚು ಹೆಚ್ಚೆಂದು ಈ ಮಂದೆಗಳನ್ನು ಮಾರಿಬಿಟ್ಟ ಸರಕಾರವು, ಸೈನ್ಯಕ್ಕೆ ಎತ್ತು ಸಿಗದೆ ಕೆಲವೇ ವರ್ಷಗಳಲ್ಲಿ, ೧೮೬೬ ರಲ್ಲಿ, ಪುನಃ ಸ್ಥಾಪಿಸಬೇಕಾಯಿತು. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಕೇಂದ್ರದಲ್ಲಿ ಈ ತಳಿಯನ್ನು ಸರಕಾರವು ಇಂದಿಗೂ ಕಾಪಾಡಿಕೊಂಡು ಬಂದಿದೆ. ಹಡಗು ವಿಮಾನಗಳ ಖರ್ಚಿಲ್ಲದೆ ಕಾವಲಿನ ಕ್ರಮವನ್ನು ನೋಡಬೇಕೆನ್ನುವ ವಿದ್ಯಾರ್ಥಿಗಳಿಗೆ ಅದೇ ಸಾಕು.

ಹಾಗಾದರೆ ಟೆಕ್ಸಾಸಿನಿಂದ ಕಲಿಯತಕ್ಕುದು ಯಾವುದು? ಮುಖ್ಯವಾಗಿ ಹೋರಿಯ ಆಯ್ಕೆ. ಅಲ್ಲಿ ೨೫ ರಿಂದ ೩೦ ಹಸುಗಳಿಗೆ ಒಂದರಂತೆ ಆರಿಸಿದ ಹೋರಿಯನ್ನು ಬಿಟ್ಟು, ಉಳಿದ ಗಂಡುಕರುಗಳ ಬೀಜವನ್ನು ಎಳೆಯದರಲ್ಲಿಯೇ ತೆಗೆಯುವರು. ಪ್ರತಿ ಕರುವಿಗೂ ಗುರುತು ಉಂಟು, ತಾಯಿತಂದೆಗಳ ಬರಹ ಉಂಟು, ತಾಯಿಯನ್ನು ಬಿಡಿಸುವ ದಿನ ತೂಕ ಉಂಟು. ಇಕ್ಕಟ್ಟಾದ ಮರದ ಓಣಿಯಲ್ಲಿ ದನಗಳನ್ನು ಒಂದೊಂದಾಗಿ ಹಾಯಿಸಿ ತೂಕ, ಲಸಿಕೆ, ಗುರುತು ಈ ಮೂರನ್ನೂ ಒಂದೇ ಹೊತ್ತಿನಲ್ಲಿ ಮುಗಿಸುವರು. ಗಬ್ಬವಾಗದ ಹಸುವಿಗೆ ಮಂದೆಯಲ್ಲಿ ಸ್ಥಳವಿಲ್ಲ. ಈ ಕೊನೆಯ ನಿಯಮವನ್ನು ಇಲ್ಲಿ ಅನುಸರಿಸುವಂತಿಲ್ಲ. ಉಳಿದುವನ್ನು ಒಂದು ಊರಿನವರು ಕೂಡಿಕೊಂಡರೆ ಮಾಡಬಹುದು. ಹಿಂದೆ ಊರ ದೇವರ ಹೆಸರಿನಲ್ಲಿ ಬಸವನನ್ನು ಬಿಡುವಾಗ ಊರಿನಲ್ಲಿಯೇ ಲಕ್ಷಣವಾದ ಕರುವನ್ನು ಆರಿಸುತ್ತಿದ್ದುದು ಇದೇ ಉದ್ದೇಶದಿಂದ. ಈಚೆಗೆ ಯಾರಿಗೂ ಬೇಡವಾದ ಕರುವನ್ನು ದೇವರಿಗೆ ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಪದ್ಧತಿಯು ಕೆಲವೆಡೆ ಬಂದಿರುವುದರಿಂದ, ದೇವರಿಗೂ ನಷ್ಟ, ಊರ ದನಗಳಿಗೂ ನಷ್ಟ. ಪಶುವೈದ್ಯ ಆಸ್ಪತ್ರೆಗಳಲ್ಲಿ ಕೃತಕ ಗರ್ಭಧಾರಣೆಯ ಏರ್ಪಾಡು ಇರುವುದರಿಂದ ಒಳ್ಳೆಯ ಹೋರಿಯು ಊರಿನಲ್ಲಿಯೇ ಇರಬೇಕೆಂಬ ನಿರ್ಬಂಧವೂ ಈಗಿಲ್ಲ. ಯಾವ ತಳಿಯ ಬೀಜವನ್ನು ಹಾಕಿಸಲಾಯಿತೆಂಬುದನ್ನು ಕೇಳಿ ಬರೆದಿಟ್ಟುಕೊಳ್ಳುವ ರೂಢಿಯೊಂದು ಬರಬೇಕು. ನೆರಳು, ಹಸಿಮೇವು, ನೀರು ಮೂರೂ ಇರುವ ಮನೆಗೆ ಜರ್ಸಿ ಮಿಶ್ರತಳಿಯು ಲಾಭ ಕೊಡಬಹುದು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಮಡ್ಡಿಯ ಮೇಲೆ ಮೇಯಬೇಕಾದ ಆಕಳಿಗೆ ದೇವಣಿಯ ಅಥವಾ ಕೃಷ್ಣಾ ಕೊಳ್ಳದ ರಕ್ತವೇ ಲೇಸು. ಯೂರೋಪಿನ ದನವನ್ನು ಬಿಸಿಲಿನಲ್ಲಿ ಉಳಿಸಲು ಟೆಕ್ಸಾಸಿನವರು ಹಿಂದೂಸ್ಥಾನದ ಹೋರಿಯನ್ನು ಹುಡುಕಿಕೊಂಡು ಬಂದುದನ್ನು ಈ ಸಂದರ್ಭದಲ್ಲಿ ನೆನೆಯಬಹುದು.

ಮೇವಿನ ವಿಷಯದಲ್ಲಿ ಭತ್ತದ ಸೀಮೆಯವರು ಹುಲ್ಲನ್ನು ಹಾಗೆಯೇ ಹಾಕದೆ ಪಾಕಮಾಡಿ ಹಾಕುವುದು ಒಳ್ಳೆಯದು. ೧೦೦ ಕಿಲೋ ಒಣಹುಲ್ಲಿಗೆ ೪ ಕಿಲೋ ಯೂರಿಯಾವನ್ನು ೫೦ ರಿಂದ ೬೦ ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹರಡಿ ಸಮನಾಗಿ ಚಿಮುಕಿಸಿ, ತುಳಿದು ಅದುಮಿ, ಗಾಳಿಯಾಡದಂತೆ ತಾಡಪತ್ರಿಯಿಂದ ಮುಚ್ಚಿ ೨೧ ದಿನ ಬಿಡಬೇಕು. ಅನಂತರ ಬೇಕಾದಷ್ಟನ್ನೇ ತೆಗೆದು, ಘಾಟು ಹೋಗುವಂತೆ ಒಂದೆರಡು ಗಂಟೆ ಗಾಳಿಗೆ ಆರಿಸಿ ಹಾಕಬೇಕು. ಮೊದಮೊದಲು ಸ್ವಲ್ಪ ಸ್ವಲ್ಪವಾಗಿಯೇ ರೂಢಿಮಾಡಿಸತಕ್ಕದ್ದು. ಆರು ತಿಂಗಳ ಒಳಗಿನ ಕರುಗಳಿಗೆ ಇದನ್ನು ಹಾಕಕೂಡದು. ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಕುಡಿಸುವುದಾಗಲಿ ತಿಂಡಿಯಲ್ಲಿ ಮನಸ್ಸಿಗೆ ಬಂದಂತೆ ಬೆರಸುವುದಾಗಲಿ ವಿಷಪ್ರಾಯವು. ಕಲಸಿದ ಬಾನಿಯನ್ನು ಕೂಡ ದನದ ಬಾಯಿಗೆ ಸಿಕ್ಕದಂತೆ ತೊಳೆದಿಡಬೇಕು.

ಜಾಲಿಯ ಕಾಯಿಯೂ ಬರಗಾಲಕ್ಕೆ ಒದಗುವ ಮೇವೇ. ಆದರೆ ದನವು ಕಾಯಿಯನ್ನು ಹಾಗೆಯೇ ನುಂಗಿದರೆ ಗಡುಸಾದ ಬೀಜವು ಅರಗದೆ ಸಗಣಿಯೊಡನೆ ಹೊಲವನ್ನು ಸೇರಿ ಮೊಳೆಯುವುದು; ಅದೊಂದನ್ನೇ ಬಹಳ ದಿನ ತಿಂದ ದನಗಳಿಗೆ ದವಡೆ ನಾಲಗೆಗಳು ಸ್ವಾಧೀನ ತಪ್ಪುವ ರೋಗವೂ ಬರುವುದುಂಟು. ಆದುದರಿಂದ ಹಣ್ಣಾದ ಕಾಯಿಯನ್ನು ಆರಿಸಿ, ಗಲಗಲ ಎನ್ನುವಂತೆ ಬಿಸಿಲಿನಲ್ಲಿ ಒಣಗಿಸಿ, ಬೀಜ ಒಡೆಯುವಂತೆ ಗಿರಣಿಯಲ್ಲಿ ಬೀಸಿಸಿ, ಕೊಡುವ ತಿಂಡಿಯ ಐದರಲ್ಲೊಂದು ಪಾಲನ್ನು ಮೀರದಂತೆ ಶೇಂಗಾ ಹಿಂಡಿ, ತೊಗರಿ ಹೊಟ್ಟುಗಳೊಡನೆ ಬೆರಸಿ ಹಾಕತಕ್ಕದ್ದು. ಮಳೆಗಾಲದಲ್ಲಿ ಕಾಯಿಗೆ ಬೂಷ್ಟು ಹಿಡಿಯುವುದರಿಂದ ಬೇಸಿಗೆಯ ಬೆಳೆಯನ್ನೇ ಸಂಗ್ರಹಿಸುವುದು ಮೇಲು.